ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯ ತುದಿಯಲ್ಲಿ ಹಸಿರು ದೀಪ, ಬಾಲದಲ್ಲಿ ಬಿಳಿ ದೀಪ. ಯಾವ ದೇಶದ ಯಾವ ಕಂಪನಿಯ ವಿಮಾನವೇ ಇರಲಿ, ಈ ಕ್ರಮ ಬದಲಾಗುವುದಿಲ್ಲ. ಎಡ, ಬಲ ಎಂದರೆ ಕೆಳಗೆ ನಿಂತು ನೋಡುವ ನಮ್ಮ ಎಡ ಬಲ ಅಲ್ಲ, ಒಳಗೆ ಕೂತ ಪೈಲಟ್‌ನದು. ನಾನು ಆದೋನಿಯ ಹತ್ತಿರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳ ಜೊತೆ ಪುಟ್ಟ ಮಾದರಿ ವಿಮಾನಗಳನ್ನು ಮಾಡಿ ಅವಕ್ಕೆ ದೀಪ ಹಾಕುವುದು ನಮ್ಮ ವಿಜ್ಞಾನ ಕೂಟದ ಕೆಲಸ. ಸಾಲ್ಡರಿಂಗ್ ಕಡ್ಡಿ ಕೈಗೆ ಕೊಡುವ ಮೊದಲು ಪ್ರತಿ ಮಗುವೂ ಈ ಮೂರು ದೀಪಗಳ ಕಾರಣ ತಿಳಿದಿರಬೇಕು ಎನ್ನುವುದು ನಾನು ಸಡಿಲಿಸದ ನಿಯಮ.

ಕಾರಣ ಹೇಳುವುದಕ್ಕೆ ಕರಿಹಲಗೆ ಸಾಲದು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಇಬ್ಬರನ್ನು ಆಟದ ಮೈದಾನಕ್ಕೆ ಕರೆದೊಯ್ಯುತ್ತೇನೆ. ಇಬ್ಬರ ಎಡಗೈಯಲ್ಲೂ ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚು, ಬಲಗೈಯಲ್ಲಿ ಹಸಿರು ಕಾಗದದ್ದು. ಕೈ ಚಾಚಿಕೊಂಡು ಒಬ್ಬಳು ಧ್ವಜಕಂಬದ ಕಡೆಯಿಂದ ಹೊರಡಬೇಕು, ಇನ್ನೊಬ್ಬ ನೀರಿನ ಟ್ಯಾಂಕಿನ ಕಡೆಯಿಂದ. ಇಬ್ಬರ ದಾರಿಯೂ ಮೈದಾನದ ನಡುವೆ ಒಂದನ್ನೊಂದು ಅಡ್ಡ ಕತ್ತರಿಸುತ್ತದೆ. ಅಲ್ಲಿ ಯಾರು ನಿಲ್ಲಬೇಕು, ಯಾರು ಮುಂದೆ ಹೋಗಬೇಕು? ಬಾಯಿಬಿಟ್ಟು ಮಾತಾಡುವಂತಿಲ್ಲ, ದೀಪ ನೋಡಿಯೇ ತೀರ್ಮಾನಿಸಬೇಕು.

ವಾಯುಯಾನದ ನಿಯಮ ಹೀಗಿದೆ: ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಅಡ್ಡಹಾಯುವಂತಿದ್ದರೆ, ಯಾರ ಬಲಗಡೆ ಇನ್ನೊಂದು ವಿಮಾನ ಇದೆಯೋ ಅವರು ದಾರಿ ಬಿಡಬೇಕು. ಈಗ ದೀಪ ನೋಡಿ. ನನ್ನ ಬಲಗಡೆಯಿಂದ ಒಂದು ವಿಮಾನ ನನ್ನ ಮುಂದೆ ಅಡ್ಡ ಬರುತ್ತಿದ್ದರೆ ನನಗೆ ಕಾಣುವುದು ಅದರ ಎಡ ಮೈ, ಅಂದರೆ ಕೆಂಪು. ಅದೇ ಹೊತ್ತಿಗೆ ಆ ಪೈಲಟ್‌ಗೆ ಕಾಣುವುದು ನನ್ನ ಬಲ ಮೈ, ಅಂದರೆ ಹಸಿರು. ಕೆಂಪು ಕಂಡವರು ತಡೆಯಬೇಕು, ಹಸಿರು ಕಂಡವರು ಸಾಗಬೇಕು. ಒಬ್ಬರಿಗೊಬ್ಬರು ಒಂದಕ್ಷರ ಹೇಳದೆ ಕತ್ತಲಲ್ಲಿ ನ್ಯಾಯ ತೀರ್ಮಾನವಾಗಿ ಹೋಗುತ್ತದೆ. ಮೈದಾನದಲ್ಲಿ ಇದು ಮೊದಲ ಸಲ ಸರಿಯಾಗಿ ನಡೆದಾಗ ಟ್ಯಾಂಕಿನ ಕಡೆಯಿಂದ ಬಂದ ಹುಡುಗ ತಾನಾಗಿಯೇ ನಿಂತು, "ಟೀಚರ್, ನನಗ ಕೆಂಪು ಕಾಣಿಸ್ತು, ಅದಕ್ಕ ನಿಂತೆ" ಎಂದ. ಅವನಿಗೆ ನಾನು ನಿಯಮವನ್ನು ಆಗಿನ್ನೂ ಹೇಳಿರಲಿಲ್ಲ.

ಈ ಏರ್ಪಾಟು ವಿಮಾನಗಳಿಗೆ ಬಂದದ್ದು ಹಡಗುಗಳಿಂದ. 19ನೇ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ ತನ್ನ ಉಗಿಹಡಗುಗಳಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಕಡ್ಡಾಯ ಮಾಡಿತು. ವಿಮಾನ ಹುಟ್ಟಿದ ಮೇಲೆ ಅದೇ ಕ್ರಮ ಆಕಾಶಕ್ಕೆ ಏರಿತು. ಕೆಂಪು ದೀಪ ನೇರ ಮುಂದಿನಿಂದ ಎಡಕ್ಕೆ 110 ಡಿಗ್ರಿಯವರೆಗೆ ಮಾತ್ರ ಕಾಣಬೇಕು, ಹಸಿರು ಬಲಕ್ಕೆ ಅಷ್ಟೇ, ಬಾಲದ ಬಿಳಿಗೆ ಉಳಿದ 140. ಮೂರನ್ನೂ ಕೂಡಿಸಿ ನೋಡಿ, 360 ಆಗುತ್ತದೆ. ಹಾಗಾಗಿ ಯಾವ ದಿಕ್ಕಿನಿಂದ ನೋಡಿದರೂ ಒಂದು ದೀಪವಾದರೂ ಕಾಣುತ್ತದೆ, ಮತ್ತು ಕಂಡ ಬಣ್ಣವೇ ವಿಮಾನದ ಮುಖ ಎತ್ತ ಎಂದು ಹೇಳುತ್ತದೆ. ಬಿಳಿ ಮಾತ್ರ ಕಂಡರೆ ಅದು ನಮ್ಮಿಂದ ದೂರ ಹೋಗುತ್ತಿದೆ. ಎರಡೂ ಬಣ್ಣ ಕಂಡು, ಕೆಂಪು ನಮ್ಮ ಬಲಕ್ಕಿದ್ದರೆ, ಅದು ನೇರ ನಮ್ಮತ್ತಲೇ ಬರುತ್ತಿದೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಮಾದರಿ ವಿಮಾನಕ್ಕೆ ದೀಪ ಹಾಕುವವರು ಬಹುತೇಕ ಅಲಂಕಾರದಿಂದ ಶುರುಮಾಡುತ್ತಾರೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟನ್ನೇ ರೆಕ್ಕೆಗೆ ಸುತ್ತಿ, ಬಣ್ಣ ಬದಲಾಯಿಸುವ ಬಲ್ಬು ಹೊಟ್ಟೆಗೆ ತುರುಕಿ ಸಂಭ್ರಮಿಸುವ ಮಾದರಿಗಳನ್ನು ವಸ್ತುಪ್ರದರ್ಶನಗಳಲ್ಲಿ ನೋಡಿದ್ದೇನೆ. ಮಕ್ಕಳ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಅಂಥ ಮಾದರಿ ವಿಮಾನದ ಬಗ್ಗೆ ಏನನ್ನೂ ಹೇಳುವುದಿಲ್ಲ. ವಿಮಾನದ ಮೇಲಿನ ಒಂದೊಂದು ದೀಪವೂ ಒಂದು ಅಗತ್ಯಕ್ಕೆ ಹುಟ್ಟಿದೆ. ಆ ಅಗತ್ಯವನ್ನು ಅರಿತು, ಅದಕ್ಕೆ ಸರಿಯಾಗಿ, ಅದಕ್ಕಿಂತ ಒಂದೂ ಹೆಚ್ಚಿಲ್ಲದಂತೆ ಹಾಕಿದ ದೀಪವೇ ನನಗೆ ಚೆಂದ.

ಆದೋನಿಗೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಬಳ್ಳಾರಿಗೆ ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲೇ ಜಾಗ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಮುಂಬಯಿಗೆ ಅಂಚೆ ಹೊತ್ತ ಪುಸ್ ಮಾತ್ ವಿಮಾನ ಹಾರಿಸಿದರು. ಅಲ್ಲಿಂದ ಮುಂದೆ ಅಂಚೆಯನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಅವರ ದಾರಿ ಬಳ್ಳಾರಿಯ ಮೇಲೆ. ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಮುಟ್ಟಿದರು. ಕತ್ತಲಾದರೆ ವಿಮಾನ ಇಳಿಯಲೇಬೇಕಾದ ಕಾಲ ಅದು. ನೆಲದಲ್ಲಿ ದಾರಿ ತೋರುವ ದೀಪಗಳಿರಲಿಲ್ಲ, ಈಗ ರೆಕ್ಕೆಯ ತುದಿಯಲ್ಲಿ ಮಿಂಚುವ ಸ್ಟ್ರೋಬ್ ಆಗಿನ್ನೂ ವಿಮಾನಕ್ಕೆ ಬಂದಿರಲಿಲ್ಲ.

ನಮ್ಮ ಮಕ್ಕಳು ಮಾಡಿದ ಮಾದರಿಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಆ ಪುಸ್ ಮಾತ್. ಸನ್‌ಬೋರ್ಡ್ ಕತ್ತರಿಸಿ 24ರಲ್ಲಿ ಒಂದು ಅಳತೆಗೆ ಮಾಡಿದ್ದು, ರೆಕ್ಕೆಯ ಉದ್ದ ಒಂದೂವರೆ ಅಡಿಯಷ್ಟು. ಅದಕ್ಕೆ ಹೊರಗೆ ಒಂದೂ ದೀಪ ಹಾಕಲಿಲ್ಲ. ಪೈಲಟ್ ಕೋಣೆಯೊಳಗೆ ಮಾತ್ರ, ಬಳ್ಳಾರಿಯ ಮೈದಾನದಲ್ಲಿ ಸಂಜೆ ಯಾರೋ ಲಾಟೀನು ಹಿಡಿದು ಅಂಚೆ ಚೀಲ ನೋಡುತ್ತಿರುವಂತೆ, ಒಂದು ಹಳದಿ ಬೆಳಕು. ಲಾಟೀನು ಮಕ್ಕಳ ಕಲ್ಪನೆ, ಹಾಗೆಂದು ಮಾದರಿಯ ಕೆಳಗಿನ ಚೀಟಿಯಲ್ಲಿ ಬರೆಸಿದ್ದೇನೆ. ಅದರ ಪಕ್ಕದಲ್ಲೇ ಎಟಿಆರ್-72 ನಿಂತಿದೆ. 2021ರ ಮಾರ್ಚ್ 28ರಂದು ಓರ್ವಕಲ್ಲಿನ ಉಯ್ಯಾಲವಾಡ ನರಸಿಂಹಾರೆಡ್ಡಿ ವಿಮಾನ ನಿಲ್ದಾಣದಿಂದ ಪ್ರಯಾಣಿಕರ ಹಾರಾಟ ಶುರುವಾದಾಗ ಬಂದದ್ದು ಈ ಜಾತಿಯ ವಿಮಾನ, ಆರು ಅಲಗಿನ ಎರಡು ಪ್ರೊಪೆಲರ್‌ಗಳದ್ದು. ಈಗ ಆದೋನಿ ಸೇರಿರುವ ಕರ್ನೂಲು ಜಿಲ್ಲೆಯ ಪಶ್ಚಿಮದ ಹಳ್ಳಿಗಳ ಮಕ್ಕಳಿಗೆ ಅದು ತಮ್ಮ ಜಿಲ್ಲೆಯ ವಿಮಾನ. ಅದಕ್ಕೆ ಎಲ್ಲ ದೀಪಗಳೂ ಇವೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ತೊಂಬತ್ತು ವರ್ಷಗಳ ಅಂತರ ನಾನು ವಿವರಿಸದೆಯೇ ಕಾಣುತ್ತದೆ.

ಮಾದರಿ ಎಂದರೆ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಕಿಟ್ಟೇ ಆಗಬೇಕಿಲ್ಲ. ಬ್ರಿಟನ್ನಿನ ಏರ್‌ಫಿಕ್ಸ್, ಜಪಾನಿನ ತಮಿಯಾ, ರಷ್ಯಾದ ಜ್ವೆಜ್ದಾ ಕಂಪನಿಗಳ ಕಿಟ್‌ಗಳು ಬಲು ಸೊಗಸು, ಆದರೆ ನಮ್ಮ ಮಕ್ಕಳ ಕೈಗೆಟುಕುವ ಬೆಲೆಯವಲ್ಲ. 1942ರಲ್ಲಿ, ಯುದ್ಧದ ನಡುವೆ, ಅಮೆರಿಕದ ನೌಕಾಪಡೆ ತನ್ನ ದೇಶದ ಪ್ರೌಢಶಾಲೆಗಳ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿತು: 5 ಲಕ್ಷ ಮಾದರಿ ವಿಮಾನಗಳನ್ನು ಮರದಲ್ಲಿ ಕೆತ್ತಿಕೊಡಿ ಎಂದು. ಶತ್ರು ವಿಮಾನ ಯಾವುದು, ನಮ್ಮದು ಯಾವುದು ಎಂದು ಸೈನಿಕರಿಗೆ ಗುರುತು ಹಿಡಿಯಲು ಕಲಿಸುವುದಕ್ಕೆ ಅವು ಬೇಕಾಗಿದ್ದವು. ಅಳತೆ 72ರಲ್ಲಿ ಒಂದು, ಅಂದರೆ ಒಂದು ಅಂಗುಲಕ್ಕೆ ಆರು ಅಡಿ. ಆ ಅಳತೆಯ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನ ಅರ್ಧ ಮೈಲಿ ದೂರದಲ್ಲಿ ಕಾಣುವಷ್ಟೇ ಕಾಣುತ್ತದೆ. ಶಾಲೆಯ ಮಕ್ಕಳು ಮರದ ತುಂಡಿನಿಂದ ಅಷ್ಟು ಕರಾರುವಾಕ್ಕಾದ ವಸ್ತು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಈ 72ರ ಲೆಕ್ಕ ದೀಪದ ವಿಷಯದಲ್ಲೂ ಕಾಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಇಡಿಯ ಅಗಲ 5 ಮಿಲಿಮೀಟರ್. ಅದನ್ನು 72ರಿಂದ ಗುಣಿಸಿದರೆ 36 ಸೆಂಟಿಮೀಟರ್. ರೆಕ್ಕೆಯ ತುದಿಯಲ್ಲಿ ಒಂದಡಿಗೂ ಮೀರಿದ ಬಲ್ಬು ಇರುವ ವಿಮಾನ ಎಲ್ಲಾದರೂ ಉಂಟೇ? ನಿಜವಾದ ದೀಪ ಕೆಲವೇ ಸೆಂಟಿಮೀಟರಿನದು. ಹಾಗಾಗಿ ಎರಡು ದಾರಿ. ಒಂದು, ಸತ್ತ ಮೊಬೈಲು, ಟೀವಿ ಬೋರ್ಡುಗಳಲ್ಲಿ ಕೂತಿರುವ ಸಾಸಿವೆಗಿಂತ ಚಿಕ್ಕ ಎಸ್‌ಎಂಡಿ ಎಲ್‌ಇಡಿ. ಇನ್ನೊಂದು, ದೊಡ್ಡ ಎಲ್‌ಇಡಿಯನ್ನು ಹೊಟ್ಟೆಯೊಳಗೆ ಬಚ್ಚಿಟ್ಟು, ಬೆಳಕನ್ನು ಮಾತ್ರ ತೆಳು ಪ್ಲಾಸ್ಟಿಕ್ ಎಳೆಯ ಮೂಲಕ ರೆಕ್ಕೆಯ ತುದಿಗೆ ಕಳಿಸುವುದು. ಅರ್ಧ ಮಿಲಿಮೀಟರ್ ಎಳೆ 72 ಪಟ್ಟು ದೊಡ್ಡದಾದರೆ ಮೂರೂವರೆ ಸೆಂಟಿಮೀಟರ್ ಚಿಲ್ಲರೆ. ಅದು ಸರಿಹೋಗುವ ಅಳತೆ.

ಆ ಎಳೆ ಎಲ್ಲಿ ಸಿಗುತ್ತದೆ? ಉರುಸು, ಜಾತ್ರೆಗಳಲ್ಲಿ ಮಾರುವ, ತುದಿಗಳಲ್ಲಿ ಬಣ್ಣದ ಚುಕ್ಕಿ ಮಿನುಗುವ ಫೈಬರ್ ದೀಪದಲ್ಲಿ. ಒಂದು ಆಟಿಕೆ ಬಿಚ್ಚಿದರೆ ಒಂದು ಶಾಲೆಗೆ ವರ್ಷವಿಡೀ ಸಾಕಾಗುವಷ್ಟು ಎಳೆ. ಒಂದು ತುದಿಯಿಂದ ಹೊಕ್ಕ ಬೆಳಕು ಒಳಗೋಡೆಗೆ ಬಡಿದು ಬಡಿದು ಹೊರಗೆ ಸೋರದೆ ಇನ್ನೊಂದು ತುದಿಗೆ ಬರುತ್ತದೆ, ನಾವು ಪಾಠದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಎಂದು ಬರೆಸುವುದು ಇದನ್ನೇ. ಎಳೆಯ ತುದಿಯನ್ನು ಬಿಸಿ ಸಾಲ್ಡರಿಂಗ್ ಕಡ್ಡಿಯ ಹತ್ತಿರ, ಮುಟ್ಟಿಸದಂತೆ ಹಿಡಿದರೆ ಅದು ಕರಗಿ ಪುಟ್ಟ ಗುಂಡು ಮಣಿಯಾಗುತ್ತದೆ. ಆ ಮಣಿಗೆ ಪಾರದರ್ಶಕ ಕೆಂಪು ಅಥವಾ ಹಸಿರು ಬಣ್ಣ ಮುಟ್ಟಿಸಿದರೆ ರೆಕ್ಕೆಯ ಗಾಜಿನ ಗುಂಡು ಸಿದ್ಧ. ಒಂದು ಎಚ್ಚರಿಕೆ: ಇಂಟರ್ನೆಟ್ ಕೇಬಲ್ ಎಳೆಯುವವರು ಬಿಸಾಡಿದ ಫೈಬರ್ ತುಂಡುಗಳನ್ನು ಮಕ್ಕಳು ಆರಿಸಿ ತರುತ್ತಾರೆ. ಅದು ಗಾಜು. ಚೂರು ಚರ್ಮದೊಳಗೆ ಹೋದರೆ ಕಣ್ಣಿಗೂ ಕಾಣದು, ತೆಗೆಯಲೂ ಬಾರದು. ಅದನ್ನು ಮುಟ್ಟಲೇಬಾರದು.

ತಂತಿಯ ವಿಷಯದಲ್ಲಿ ಆದೋನಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ ಎಂದೇ ನಾನು ಹೇಳುತ್ತೇನೆ. ಇದು ಹತ್ತಿಯ ಊರು. ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲು, ಸುತ್ತಲಿನ ಹೊಲಗಳ ಬೋರು, ಎಲ್ಲಕ್ಕೂ ಮೋಟಾರು. ಮೋಟಾರು ಇದ್ದಲ್ಲಿ ಅದು ಸುಡುತ್ತದೆ, ಸುಟ್ಟದ್ದು ರಿವೈಂಡಿಂಗ್ ಅಂಗಡಿಗೆ ಬರುತ್ತದೆ. ನಾನು ಹೋಗುವ ಅಂಗಡಿಯ ಯಜಮಾನರು ಹಳಬರು, ಮಗ್ಗುಲಲ್ಲಿ ತಾಮ್ರದ ಸುರುಳಿಗಳನ್ನು ಗೇಜಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ.

"ಎಷ್ಟು ಗೇಜಿಂದು ಟೀಚರಮ್ಮಾ?"

"ಸೀಲಿಂಗ್ ಫ್ಯಾನಿಂದು ಸಾಕು ಭಾಯ್, ಮೂವತ್ತಾರು."

"ಬೋರ್ ಮೋಟಾರಿಂದು ದಪ್ಪ ಆಗ್ತದ, ರೆಕ್ಕೀಗೆ ಹೋಗಲ್ಲ ಬಿಡ್ರಿ" ಎಂದು ಅವರೇ ಮುಂದುವರಿಸುತ್ತಾರೆ. ಮಾದರಿ ವಿಮಾನದ ರೆಕ್ಕೆಯೊಳಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂದು ಈಗ ಅವರಿಗೂ ಗೊತ್ತು. 36 ಗೇಜಿನ ತಂತಿಯ ದಪ್ಪ ಮಿಲಿಮೀಟರಿನ ಐದರಲ್ಲೊಂದು ಪಾಲು. ಮೇಲೆ ಎನಾಮೆಲ್ ಲೇಪ ಇರುವುದರಿಂದ ಎರಡು ತಂತಿ ತಾಗಿದರೂ ಶಾರ್ಟ್ ಆಗುವುದಿಲ್ಲ. ತುದಿಯ ಲೇಪವನ್ನು ಬ್ಲೇಡಿನಿಂದ ಕೆರೆದು ತವರ ಹಿಡಿಸಬೇಕು. ಎಲ್ಲ ತಂತಿಗಳೂ ಒಂದೇ ಬಣ್ಣ ಇರುವುದರಿಂದ ಪ್ರತಿ ತುದಿಗೂ ಚೀಟಿ ಅಂಟಿಸುವುದು ಕಡ್ಡಾಯ.

ವಿಮಾನ ಹಾರುತ್ತಿರುವಂತೆ ನಿಲ್ಲಿಸುವ ಕಂಬಕ್ಕೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ಲನ್ನು ಮೀರಿದ್ದಿಲ್ಲ. ಒಂದರೊಳಗೊಂದು ಸೇರುವ ಹೊಳೆಯುವ ಹಿತ್ತಾಳೆ ಕೊಳವೆಗಳು, ಒಳಗೆ ಟೊಳ್ಳು, ತಂತಿಗಳೆಲ್ಲ ಅದರೊಳಗೇ ಕೆಳಗಿನ ಪೀಠಕ್ಕೆ ಇಳಿಯುತ್ತವೆ.

ಇನ್ನು ವಿದ್ಯುತ್ತು. ನಾವು ಬಳಸುವುದು 5 ವೋಲ್ಟಿನ ಹಳೆಯ ಮೊಬೈಲ್ ಚಾರ್ಜರ್. ಮನೆಯ 230 ವೋಲ್ಟನ್ನು ಮಕ್ಕಳು ಮುಟ್ಟುವ ಪ್ರಶ್ನೆಯೇ ಬರಬಾರದು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೆ, ಹಸಿರು ಮತ್ತು ಬಿಳಿ ಸುಮಾರು 3 ವೋಲ್ಟಿಗೆ ಉರಿಯುತ್ತವೆ. ಉಳಿದ ವೋಲ್ಟನ್ನು ತಡೆಯಲು ಪ್ರತಿ ದೀಪಕ್ಕೂ ಒಂದು ರೆಸಿಸ್ಟರ್ ಬೇಕು, ಇಲ್ಲದಿದ್ದರೆ ದೀಪ ಹೊತ್ತಿಸಿದ ಕೂಡಲೇ ಸುಟ್ಟುಹೋಗುತ್ತದೆ. ಲೆಕ್ಕ ಓಮನ ನಿಯಮದ್ದೇ: ಉಳಿದ ವೋಲ್ಟನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಆದರೆ ಎಷ್ಟು ಕರೆಂಟು ಬೇಕು ಎನ್ನುವುದರಲ್ಲಿ ಪುಸ್ತಕಕ್ಕೂ ನನಗೂ ಭಿನ್ನಾಭಿಪ್ರಾಯ. ಪುಸ್ತಕಗಳು 20 ಮಿಲಿಆಂಪಿಯರ್ ಎನ್ನುತ್ತವೆ. ಅಷ್ಟು ಕೊಟ್ಟರೆ ಅಂಗೈಯಗಲದ ವಿಮಾನ ಕಣ್ಣು ಕುಕ್ಕುತ್ತದೆ, ರೆಕ್ಕೆಯ ಆಕಾರವೇ ಮರೆಯಾಗುತ್ತದೆ. ಒಂದು ಮಿಲಿಆಂಪಿಯರ್ ಆಸುಪಾಸು ಸಾಕು. ಕೆಂಪಿಗೆ 2.2 ಕಿಲೋ ಓಮ್, ಬಾಲದ ಬಿಳಿಗೂ ಅಷ್ಟೇ, ಹಸಿರಿಗೆ 4.7 ಕಿಲೋ ಓಮ್ ಹಾಕುತ್ತೇವೆ. ಹಸಿರಿಗೆ ಹೆಚ್ಚು ಯಾಕೆಂದರೆ ನಮ್ಮ ಕಣ್ಣು ಹಸಿರಿಗೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಸಮ ಕರೆಂಟು ಕೊಟ್ಟರೆ ಬಲ ರೆಕ್ಕೆ ಎಡ ರೆಕ್ಕೆಯನ್ನು ನುಂಗಿಬಿಡುತ್ತದೆ. ನೆಲಕ್ಕೆ ಬೆಳಕು ಚೆಲ್ಲುವ ಲ್ಯಾಂಡಿಂಗ್ ದೀಪಕ್ಕೆ ಮಾತ್ರ ಧಾರಾಳವಾಗಿ 220 ಓಮ್.

ಮಿಂಚುವ ದೀಪಗಳು ಎರಡು ಬಗೆ. ಬೆನ್ನು ಮತ್ತು ಹೊಟ್ಟೆಯ ಮೇಲಿನ ಕೆಂಪು ಬೀಕನ್, ರೆಕ್ಕೆ ತುದಿಯ ಬಿಳಿ ಸ್ಟ್ರೋಬ್. ನಿಜವಾದ ವಿಮಾನಗಳಿಗೆ ಇವು ನಿಮಿಷಕ್ಕೆ 40ರಿಂದ 100 ಸಲ ಮಿಂಚಬೇಕೆಂಬ ಮಿತಿಯಿದೆ. ನಮಗೆ ಇದನ್ನು ಮಾಡಿಕೊಡುವುದು 555 ಎಂಬ ಎಂಟು ಕಾಲಿನ ಐಸಿ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ರೂಪಿಸಿದ್ದು, 1972ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ರೇಡಿಯೋ ರಿಪೇರಿಯ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. 100 ಕಿಲೋ ಓಮ್, 4.7 ಕಿಲೋ ಓಮ್ ಎಂಬ ಎರಡು ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟರೆ ನಿಮಿಷಕ್ಕೆ ಸುಮಾರು 79 ಸಲ, ಪ್ರತಿ ಸಲ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ಮಿಂಚುತ್ತದೆ. ಹೊತ್ತಿರುವ ಕಾಲ ಇಷ್ಟು ಚಿಕ್ಕದಾಗಬೇಕಾದರೆ ಎಲ್‌ಇಡಿಯನ್ನು ಐಸಿಯ ಮೂರನೇ ಕಾಲು ಮತ್ತು ಪಾಸಿಟಿವ್ ತಂತಿಯ ನಡುವೆ ಹಾಕಬೇಕು, ನೆಗೆಟಿವ್ ಕಡೆಗಲ್ಲ. ಈ ಒಂದು ಸೂಕ್ಷ್ಮ ಗೊತ್ತಿಲ್ಲದೆ ಎಷ್ಟೋ ಮಾದರಿಗಳು ಮಿಂಚುವ ಬದಲು ಆಗಾಗ ಆರಿ ಹತ್ತುತ್ತಿರುತ್ತವೆ. ಬೀಕನ್‌ಗೆ ಇನ್ನೊಂದು 555, ಅದರಲ್ಲಿ 4.7ರ ಜಾಗಕ್ಕೆ 10 ಕಿಲೋ ಓಮ್. ಆಗ ನಿಮಿಷಕ್ಕೆ 72 ಸಲ, ಸ್ವಲ್ಪ ನಿಧಾನ, ಸ್ವಲ್ಪ ದೀರ್ಘ. ಎರಡೂ ಹೆಜ್ಜೆ ತಪ್ಪಿ ಮಿಂಚುತ್ತಿದ್ದರೆ ಕಣ್ಣಿಗೆ ನಿಜ ಎನಿಸುತ್ತದೆ. ಏರ್‌ಬಸ್ ವಿಮಾನಗಳ ಸ್ಟ್ರೋಬ್ ಸಾಮಾನ್ಯವಾಗಿ ಬೇಗಬೇಗ ಎರಡು ಸಲ ಮಿಂಚಿ ಸುಮ್ಮನಾಗುತ್ತದೆ, ಬೋಯಿಂಗ್‌ನದು ಒಂದೇ ಸಲ. ಆ ಜೋಡಿ ಮಿಂಚು ಬೇಕಿದ್ದರೆ ಆರ್ಡುಯಿನೋದಂಥ ಪುಟ್ಟ ಬೋರ್ಡಿಗೆ ಪ್ರೋಗ್ರಾಮ್ ಬರೆಯಬೇಕು. ಒಂಬತ್ತು, ಹತ್ತನೇ ತರಗತಿಯವರು ಅದನ್ನೂ ಬರೆಯುತ್ತಾರೆ.

ಕಿಟ್ಟಿನ ಪ್ಲಾಸ್ಟಿಕ್ಕಿಗೆ ದೀಪ ಹಾಕುವವರಿಗೆ ಒಂದೆರಡು ಮಾತು. ಪಾಲಿಸ್ಟೈರೀನ್ 100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಸಾಲ್ಡರಿಂಗ್ ಕಡ್ಡಿಯ ತುದಿ 300 ಡಿಗ್ರಿ ದಾಟಿರುತ್ತದೆ. ಬೆಸುಗೆಯೆಲ್ಲ ಹೊರಗೇ ಮುಗಿಸಿ, ಉರಿಸಿ ನೋಡಿ, ಆಮೇಲೆ ಒಳಗೆ ಕೂರಿಸಿ. ತೆಳು ಪ್ಲಾಸ್ಟಿಕ್ ಮೂಲಕ ಬೆಳಕು ಸೋರಿ ಇಡೀ ಮೈ ಹೊಳೆಯದಂತೆ ಒಳಗೋಡೆಗೆ ಮೊದಲು ಕಪ್ಪು ಬಣ್ಣ ಬಳಿಯಿರಿ, ಮಾತ್ರೆ ಪಟ್ಟಿಯ ಹಿಂದಿನ ಅಲ್ಯೂಮಿನಿಯಂ ಹಾಳೆಯನ್ನೂ ಅಂಟಿಸಬಹುದು. ಗಾಜಿನ ಭಾಗಗಳ ಹತ್ತಿರ ಫೆವಿಕ್ವಿಕ್ ತರಬೇಡಿ, ಅದರ ಹಬೆಗೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪುಟ್ಟ ಕಿಟಕಿಗಳಿಗೆ ಮರಗೆಲಸದ ಬಿಳಿ ಫೆವಿಕಾಲ್ ತುಂಬಿದರೆ ಒಣಗಿದ ಮೇಲೆ ಗಾಜಿನಂತಾಗುತ್ತದೆ.

ಯಾವ ದೀಪ ಯಾವಾಗ ಉರಿಯಬೇಕು ಎನ್ನುವುದೂ ಮಾದರಿಯ ಪ್ರಾಮಾಣಿಕತೆಯ ಭಾಗ. ಬೀಕನ್ ಹತ್ತುವುದು ಎಂಜಿನ್ ಶುರುವಾಗುವ ಮೊದಲು, ಹತ್ತಿರ ಬರಬೇಡಿ ಎಂದು ನೆಲದ ಸಿಬ್ಬಂದಿಗೆ ಹೇಳಲು. ಸ್ಟ್ರೋಬ್ ಹತ್ತುವುದು ರನ್‌ವೇ ಹೊಕ್ಕಾಗ. ಚಕ್ರ ಮಡಚಿ ಎತ್ತರದಲ್ಲಿ ಹಾರುತ್ತಿರುವ ವಿಮಾನದ ಮುಂಗಾಲಿನ ದೀಪ ಉರಿಯುವಂತಿಲ್ಲ, ಏಕೆಂದರೆ ಆ ಕಾಲೇ ಹೊಟ್ಟೆಯೊಳಗಿದೆ. ಎಂಜಿನ್ ನಿಲ್ಲಿಸಿ ನಿಂತ ವಿಮಾನಕ್ಕೆ ಬೀಕನ್ ಮಿಂಚಿಸಿದರೆ ಅದು ಸುಳ್ಳು. ನಮ್ಮ ಎಟಿಆರ್ ಪೀಠಕ್ಕೆ ಮೂರು ಸ್ವಿಚ್ಚುಗಳಿವೆ: ನಿಂತಿದೆ, ಹೊರಟಿದೆ, ಹಾರುತ್ತಿದೆ. ಪ್ರದರ್ಶನಕ್ಕೆ ಬಂದವರು ಸ್ವಿಚ್ಚು ಒತ್ತಿ ಯಾವ ದೀಪ ಬದಲಾಯಿತು, ಯಾಕೆ ಎಂದು ಕೇಳುತ್ತಾರೆ. ಉತ್ತರ ಮಕ್ಕಳೇ ಹೇಳುತ್ತಾರೆ.

ಈ ವಿಷಯದಲ್ಲಿ ನಮ್ಮ ಕೂಟದಲ್ಲಿ ದೊಡ್ಡ ಜಗಳವೇ ನಡೆದದ್ದು ಮಾರುತ್ ಮಾಡುವಾಗ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಎಫ್-24 ಮಾರುತ್, ಭಾರತದಲ್ಲೇ ರೂಪಿಸಿ ತಯಾರಿಸಿದ ಮೊದಲ ಜೆಟ್ ಯುದ್ಧವಿಮಾನ. ವಿನ್ಯಾಸಕಾರ ಜರ್ಮನಿಯ ಕರ್ಟ್ ಟ್ಯಾಂಕ್, ಮೊದಲ ಹಾರಾಟ 1961ರ ಜೂನ್ 17. ಒಬ್ಬ ಹುಡುಗ ಅದರ ಬಾಲದಲ್ಲಿ ಕಿತ್ತಳೆ ಬೆಂಕಿ ಉಗುಳಿಸಬೇಕೆಂದು ಹಟ ಹಿಡಿದ. ಅವನ ಉಪಾಯವೇನೋ ಜಾಣತನದ್ದೇ. ದೀಪಾವಳಿಗೆ ಬರುವ ಬ್ಯಾಟರಿ ಹಣತೆಯೊಳಗಿನ ಹಳದಿ ಎಲ್‌ಇಡಿ ತಾನಾಗಿ ತುಯ್ದಾಡುತ್ತದೆ, ಅದನ್ನೇ ಎಂಜಿನ್ ಕೊಳವೆಯೊಳಗೆ ಕೂರಿಸಿದರೆ ಬೆಂಕಿಯಂತೆಯೇ ಕಾಣುತ್ತದೆ. ಮಿಗ್-21ಕ್ಕೆ ನಾವು ಮಾಡಿದ್ದೂ ಹಾಗೆಯೇ. 2025ರ ಸೆಪ್ಟೆಂಬರ್ 26ರಂದು ವಾಯುಪಡೆಯಿಂದ ನಿವೃತ್ತವಾದ ಮಿಗ್-21ರ ಎಂಜಿನ್ನಿಗೆ ಆಫ್ಟರ್‌ಬರ್ನರ್ ಇತ್ತು, ಅಂದರೆ ಹೊರಗೆ ಹೊರಟ ಬಿಸಿ ಗಾಳಿಗೆ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸುವ ಏರ್ಪಾಟು. ಬಾಲದ ಬೆಂಕಿ ಬರುವುದು ಅದರಿಂದ.

ವಾಯುಪಡೆ ಹಾರಿಸಿದ ಮಾರುತ್‌ಗೆ ಅದು ಇರಲಿಲ್ಲ. ಶಬ್ದದ ವೇಗದ ಎರಡು ಪಟ್ಟು ಹಾರಲೆಂದು ರೂಪಿಸಿದ ಮೈ, ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ ಎಂಜಿನ್ನುಗಳಲ್ಲೇ ಅದು ಹಾರಿತು. ಅಷ್ಟರಲ್ಲೇ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. "ಬೆಂಕಿ ಇಲ್ಲಂದ್ರ ಯಾರು ನೋಡ್ತಾರ ಟೀಚರ್?" ಎಂದು ಹುಡುಗ ಕೇಳಿದ. ನಾನು ಉತ್ತರ ಹೇಳುವ ಮೊದಲೇ ಕೋಸಿಗಿ ಕಡೆಯ ಹುಡುಗಿಯೊಬ್ಬಳು, "ಇಲ್ಲದ್ದು ಹಾಕಿದ್ರ ಅದು ಮಾರುತ್ ಆಗಲ್ಲ" ಎಂದಳು. ಬಾಲವನ್ನು ಕತ್ತಲಾಗಿಯೇ ಬಿಟ್ಟೆವು. ಆ ಕತ್ತಲೆಯಲ್ಲಿ ಒಂದು ದೇಶ ಎಂಜಿನ್ನಿಗಾಗಿ ಪಟ್ಟ ಪಾಡೆಲ್ಲ ಇದೆ. ಮಾದರಿಯ ಮುಂದೆ ನಿಂತು ಇದನ್ನು ವಿವರಿಸುವ ಕೆಲಸವನ್ನು ಆ ಹುಡುಗನಿಗೇ ಕೊಟ್ಟೆ, ಅವನಷ್ಟು ಚೆನ್ನಾಗಿ ಅದನ್ನು ಯಾರೂ ಹೇಳಲಿಲ್ಲ.

ಬೆಂಗಳೂರಿಗೆ ಹೋಗುವವರು ಎಚ್‌ಎಎಲ್‌ನ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ತಪ್ಪದೆ ಹೋಗಿ. 2001ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಮಾರುತ್, ಮಿಗ್-21, ಕ್ಯಾನ್‌ಬೆರಾ ನಿಂತಿವೆ. ಆದೋನಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಬೆಂಗಳೂರು. ರೆಕ್ಕೆಯ ತುದಿಗೆ ಹೋಗಿ ನಿಂತು ದೀಪದ ಗಾಜು ಎಲ್ಲಿದೆ, ಎಷ್ಟು ಚಿಕ್ಕದು, ಯಾವ ಕಡೆಗೆ ಮುಖ ಮಾಡಿದೆ ಎಂದು ಕಣ್ಣಾರೆ ನೋಡಿ. ಎಷ್ಟು ಫೋಟೋ ನೋಡಿದರೂ ಆ ತಿಳಿವಳಿಕೆ ಬರುವುದಿಲ್ಲ.

ಕರ್ನಾಟಕ-ಆಂಧ್ರ ಗಡಿಯ ಈಚೆಗಿರುವ ಹೊಳಗುಂದ, ಕೌತಾಳಂ, ಕೋಸಿಗಿ, ಆಲೂರಿನ ಕನ್ನಡ ಶಾಲೆಗಳ ಮಕ್ಕಳಿಗೆ ಇಂಥ ಕೆಲಸದ ಸೂಚನೆಗಳು ಕನ್ನಡದಲ್ಲಿ ಬೇಕು. ಕಿಟ್ಟಿನ ಪೆಟ್ಟಿಗೆಯಲ್ಲಿ ಬರುವ ಹಾಳೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿಲ್ಲ. ಅದಕ್ಕಾಗಿಯೇ ರೆಸಿಸ್ಟರ್‌ಗಳ ಓಮ್‌ಗಳನ್ನೂ ಡಿಗ್ರಿಗಳನ್ನೂ ಇಲ್ಲಿ ಬಿಡದೆ ಬರೆದಿದ್ದೇನೆ. ಕನ್ನಡದಲ್ಲಿ ಓದಿದ ಮಗು ಎಂಟು ಕಾಲಿನ ಐಸಿಯನ್ನು ಬೆಸೆಯಬಲ್ಲದು, ಆಕಾಶದಲ್ಲಿ ದೀಪ ನೋಡಿ ವಿಮಾನದ ದಿಕ್ಕು ಹೇಳಬಲ್ಲದು. ನಾನು ದಿನವೂ ನೋಡುತ್ತಿದ್ದೇನೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ದಿನಕ್ಕೆ ಅಂಗಡಿಯಿಂದ ಕೊಂಡ ಜ್ವಾಲಾಮುಖಿಯನ್ನು ಮೇಜಿನ ಮೇಲಿಡುವ ಬದಲು ನಿಮ್ಮ ಶಾಲೆಯಲ್ಲಿ ಒಂದು ವಿಮಾನ ಮಾಡಿಸಿ. ರಟ್ಟಿನದಾದರೂ ಸರಿ. ಮೂರು ಎಲ್‌ಇಡಿ, ಮೂರು ರೆಸಿಸ್ಟರ್, ಒಂದು ಹಳೆಯ ಚಾರ್ಜರ್, ರಿವೈಂಡಿಂಗ್ ಅಂಗಡಿಯಿಂದ ಒಂದು ಮಾರು ತಂತಿ ಇದ್ದರೆ ಒಂದು ವಾರದ ಕೆಲಸ. ಮಿಂಚುವ ದೀಪಗಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.